ಒಂದೇ ಊರು, ನಾಲ್ಕು ಕಾಗದ

(ಪ್ಯಾಲೆಸ್ಟೀನಿಯರ ಪರದೇಶವಾಸದ ಬಗ್ಗೆ ಕರಾವಳಿಯ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇದು ಕರಾವಳಿಯ ಸಭೆ. ಹಾಗಾಗಿ ಮಾತನ್ನು ಕುವೈತ್‌ನಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ಎಷ್ಟೋ ಜನರ ಮನೆಯಿಂದ ಯಾರಾದರೊಬ್ಬರು ಗಲ್ಫ್‌ಗೆ ಹೋಗಿಯೇ ಇರುತ್ತಾರೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ಅಲ್ಲಿದ್ದ ಭಾರತೀಯರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬಸ್ಸು ಹತ್ತಿದರು. ಬಸ್ರಾ ದಾಟಿ, ಬಾಗ್ದಾದ್ ದಾಟಿ, ಗಡಿಯ ಮರುಭೂಮಿಯಲ್ಲಿ ಕಾದು ಕಾದು, ಕೊನೆಗೆ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅವರನ್ನು ಬೊಂಬಾಯಿಗೆ ತಂದು ಇಳಿಸಿದವು. ಅಕ್ಟೋಬರ್ ಹೊತ್ತಿಗೆ 1,70,000ಕ್ಕೂ ಹೆಚ್ಚು ಜನ ವಾಪಸ್ಸಾಗಿದ್ದರು. ದುಡಿದ ದುಡ್ಡು ಹೋಯಿತು, ಕೆಲಸ ಹೋಯಿತು, ಕಟ್ಟುತ್ತಿದ್ದ ಮನೆ ಅರ್ಧಕ್ಕೆ ನಿಂತಿತು. ಕಷ್ಟ ಸಣ್ಣದಲ್ಲ. ಆದರೆ ವಿಮಾನ ಇಳಿಯುವುದಕ್ಕೆ ಒಂದು ದೇಶ ಇತ್ತು.

ಅದೇ ಕುವೈತ್‌ನಲ್ಲಿ ಆಗ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರು ಇದ್ದರು. ಶಾಲೆ ಮೇಷ್ಟ್ರು, ಎಂಜಿನಿಯರ್, ಡಾಕ್ಟರ್, ಸರ್ಕಾರಿ ಕಚೇರಿಯ ಗುಮಾಸ್ತ, ಎಲ್ಲ ಕಡೆ ಅವರೇ. ಆಮೇಲೆ ಪ್ಯಾಲೆಸ್ಟೀನಿಯರ ನಾಯಕರಾದ ಯಾಸಿರ್ ಅರಾಫತ್ ಕೂಡ 1950ರ ದಶಕದ ಕೊನೆಯಲ್ಲಿ ಅಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿದ್ದವರು. ಎರಡನೇ ತಲೆಮಾರು ಅಲ್ಲೇ ಹುಟ್ಟಿ ಬೆಳೆದಿತ್ತು. ಆದರೂ ಪೌರತ್ವ ಇಲ್ಲ. ಮಗ ದೊಡ್ಡವನಾದ ಮೇಲೆ ಅಪ್ಪನ ವೀಸಾದ ಮೇಲೆ ಇರುವಂತಿಲ್ಲ. ಅವನದೇ ಕೆಲಸ, ಅವನದೇ ಪರ್ಮಿಟ್ ಬೇಕು. ಇಲ್ಲದಿದ್ದರೆ ಹುಟ್ಟಿದ ಊರನ್ನೇ ಬಿಡಬೇಕು.

1991ರ ಫೆಬ್ರುವರಿಯಲ್ಲಿ ಕುವೈತ್ ಬಿಡುಗಡೆ ಆಯಿತು. ಅರಾಫತ್ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಕಡೆ ವಾಲಿದರು ಅನ್ನುವ ಸಿಟ್ಟು ಕುವೈತಿಗಳಲ್ಲಿ ಕುದಿಯುತ್ತಿತ್ತು. ಆ ಸಿಟ್ಟು ಬಿದ್ದಿದ್ದು ಅಲ್ಲಿ ಪಾಠ ಹೇಳುತ್ತಿದ್ದ, ಲೆಕ್ಕ ಬರೆಯುತ್ತಿದ್ದ ಸಾಮಾನ್ಯ ಜನರ ಮೇಲೆ. ಕೆಲವರು ಯುದ್ಧದ ಹೊತ್ತಲ್ಲೇ ಹೊರಟಿದ್ದರು. ಉಳಿದವರಲ್ಲೂ ಹೆಚ್ಚಿನವರು ಈಗ ಜಾಗ ಖಾಲಿ ಮಾಡಬೇಕಾಯಿತು. ಜೋರ್ಡಾನ್ ಪಾಸ್‌ಪೋರ್ಟ್ ಇದ್ದವರು ಜೋರ್ಡಾನಿಗೆ ಹೋದರು, ಸುಮಾರು 3 ಲಕ್ಷ ಜನ. ಗಾಜಾ ಮೂಲದವರ ಬಳಿ ಇದ್ದದ್ದು ಈಜಿಪ್ಟ್ ಕೊಟ್ಟಿದ್ದ ಪ್ರಯಾಣದ ದಾಖಲೆ. ಅದು ಪಾಸ್‌ಪೋರ್ಟ್ ಅಲ್ಲ. ಅದನ್ನು ಹಿಡಿದುಕೊಂಡು ಹೋದರೆ ಈಜಿಪ್ಟೇ ಒಳಗೆ ಬಿಡುತ್ತಿರಲಿಲ್ಲ, ಬೇರೆ ವೀಸಾ ಕೇಳುತ್ತಿತ್ತು. ಗಾಜಾ ಇಸ್ರೇಲಿನ ಕೈಯಲ್ಲಿತ್ತು. ಜೋರ್ಡಾನಿಗೆ ಅವರು ಬೇಡ. ಅದೇ ಬೀದಿ, ಅದೇ ಶಾಲೆ, ಅದೇ ಭಾಷೆಯ ಎರಡು ಮನೆ. ಒಂದು ಮನೆಯವರು ಹೊರಟರು, ಇನ್ನೊಂದು ಮನೆಯವರಿಗೆ ಹೋಗುವುದಕ್ಕೆ ದಾರಿಯೇ ಇಲ್ಲ.

ದೇಶ ಕಳೆದುಕೊಂಡವರ ಬದುಕು ಅಂದ ತಕ್ಷಣ ನಮಗೆ ಹಂಬಲ, ಕಣ್ಣೀರು, ಕವಿತೆ ನೆನಪಾಗುತ್ತದೆ. ಹಳೇ ಮನೆಯ ಕೀಲಿಕೈ ಹಿಡಿದ ಅಜ್ಜಿಯ ಫೋಟೋವನ್ನು ನೀವೆಲ್ಲ ನೋಡಿರುತ್ತೀರಿ. ಅದು ಸುಳ್ಳಲ್ಲ. ಆದರೆ ಕೀಲಿಕೈ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ. ನಾನು ಇವತ್ತು ಕಾಗದದ ಬಗ್ಗೆ ಮಾತಾಡುತ್ತೇನೆ. ಪಾಸ್‌ಪೋರ್ಟು, ರೇಷನ್ ಕಾರ್ಡು, ಪರ್ಮಿಟ್ಟು, ಗುರುತಿನ ಚೀಟಿ. ನನಗೆ ಅನ್ನಿಸುವುದು ಇಷ್ಟು: ಪ್ಯಾಲೆಸ್ಟೀನಿಯರು ಮನೆ ಬಿಟ್ಟದ್ದು 1948ರಲ್ಲಿ, ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ನಿಜ. ಆದರೆ ಅವರ ಪರದೇಶವಾಸ ಅಲ್ಲಿಗೆ ಮುಗಿದ ಘಟನೆ ಅಲ್ಲ. ಯಾವ ಕಾಗದ ಕೈಗೆ ಬಂತು ಅನ್ನುವುದರ ಮೇಲೆ ಅದು ದಿನಾ ಹೊಸದಾಗಿ ನಡೆಯುತ್ತಲೇ ಇದೆ.

ಒಂದು ಊರನ್ನು ತೆಗೆದುಕೊಳ್ಳೋಣ. ಈಗಿನ ಇಸ್ರೇಲಿನ ಉತ್ತರ ಭಾಗದ ಗಲಿಲೀಯಲ್ಲಿ, ನಜರೆತ್ ಪಟ್ಟಣದ ಪಕ್ಕ, ಸಫ್ಫೂರಿಯಾ ಅಂತ ಒಂದು ಊರಿತ್ತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ. ದಾಳಿಂಬೆಗೆ ಹೆಸರಾದ ಊರು. 1948ರ ಜುಲೈ, ರಂಜಾನ್ ತಿಂಗಳು. ಇಸ್ರೇಲಿ ಪಡೆಗಳು ಊರಿನ ಮೇಲೆ ವಿಮಾನದಿಂದ ಬಾಂಬು ಹಾಕಿ ಒಳಗೆ ಬಂದವು. ಜನ ಮಕ್ಕಳುಮರಿ ಕಟ್ಟಿಕೊಂಡು ಉತ್ತರಕ್ಕೆ, ಲೆಬನಾನ್ ಕಡೆಗೆ ಓಡಿದರು. ಕೆಲವರು ನಜರೆತ್‌ನಲ್ಲೇ ನಿಂತರು. ನಾಲ್ಕು ದಿನ ಕಳೆದು ವಾಪಸ್ ಬರೋಣ ಅಂತಲೇ ಹೆಚ್ಚಿನವರು ಹೊರಟದ್ದು. ಕದ್ದು ಮುಚ್ಚಿ ವಾಪಸ್ ಬಂದವರನ್ನೂ ಆಮೇಲೆ ಹೊರಗೆ ಹಾಕಿದರು. ಇವತ್ತು ಆ ಗುಡ್ಡದ ಮೇಲೆ ಪೈನ್ ಕಾಡಿದೆ, ರಾಷ್ಟ್ರೀಯ ಉದ್ಯಾನ ಇದೆ, ಪಕ್ಕದಲ್ಲಿ ಸಿಪ್ಪೋರಿ ಅನ್ನುವ ಯಹೂದಿ ಊರಿದೆ.

ಇದು ಒಂದು ಊರಿನ ಕತೆ. ಆ ವರ್ಷ ಹೀಗೆ ಖಾಲಿಯಾದ ಊರುಗಳು 400ಕ್ಕೂ ಹೆಚ್ಚು. ಹೊರಬಿದ್ದವರು 7 ಲಕ್ಷಕ್ಕೂ ಹೆಚ್ಚು ಜನ. ಅವರು ಇದನ್ನು ನಕ್ಬಾ ಅನ್ನುತ್ತಾರೆ, ಅಂದರೆ ಮಹಾವಿಪತ್ತು. ಹಳ್ಳಿಗಳಷ್ಟೇ ಅಲ್ಲ, ಯಾಫಾ, ಲಿದ್ದಾ, ರಾಮ್ಲೆ, ಹೈಫಾದಂಥ ಪಟ್ಟಣಗಳೂ ಖಾಲಿಯಾದವು. ಹೈಫಾ ಹೆಸರು ಬಂದಾಗ ನಮಗೆ ಒಂದು ಸಣ್ಣ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ತುರ್ಕಿಯವರಿಂದ ಬಿಡಿಸಿಕೊಂಡದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ನಮ್ಮ ಮಹಾರಾಜರ ಕುದುರೆ ಪಡೆ. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವತ್ತಿಗೂ ಇದೆ. ಆಮೇಲೆ ಅಲ್ಲಿ 30 ವರ್ಷ ಬ್ರಿಟಿಷರ ಆಳ್ವಿಕೆ ನಡೆಯಿತು. 1948ರ ಏಪ್ರಿಲ್ ಮುಗಿದಾಗ ಆ ಊರಿನ 60,000ಕ್ಕೂ ಹೆಚ್ಚು ಅರಬರಲ್ಲಿ ಉಳಿದವರು ಮೂರು ನಾಲ್ಕು ಸಾವಿರ ಅಷ್ಟೇ. ಲ್ಯಾನ್ಸರ್ಸ್ ಸಾಹಸದ ಬಗ್ಗೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಮೇಲೆ ಆ ಊರಿಗೆ ಏನಾಯಿತು ಅಂತ ಕೇಳುವುದು ಕಡಿಮೆ.

ಈಗ ಸಫ್ಫೂರಿಯಾದ ಒಂದು ಮನೆ ಅಂದುಕೊಳ್ಳಿ. ನಾಲ್ಕು ಜನ ಅಣ್ಣತಮ್ಮಂದಿರು. ಈ ಮನೆ ನಾನು ಕಟ್ಟಿಕೊಂಡದ್ದು. ಆದರೆ ನಾಲ್ವರಿಗೂ ಆದದ್ದು ಸಾವಿರಾರು ಮನೆಗಳಲ್ಲಿ ಆಗಿದೆ.

ದೊಡ್ಡಣ್ಣ ದೂರ ಹೋಗಲಿಲ್ಲ, ನಜರೆತ್‌ನಲ್ಲಿ ಉಳಿದ. ಅಲ್ಲಿ ಸಫ್ಫೂರಿಯಾದವರು ಸೇರಿ ಕಟ್ಟಿಕೊಂಡ ಒಂದು ಬಡಾವಣೆಯೇ ಇದೆ, ಹೆಸರು ಸಫಾಫ್ರಾ. ಅಲ್ಲಿಂದ ಹಳೇ ಊರಿನ ಗುಡ್ಡ ಕಣ್ಣಳತೆಯಲ್ಲೇ ಇದೆ. ಅವನಿಗೆ ಇಸ್ರೇಲಿನ ಪೌರತ್ವ ಸಿಕ್ಕಿತು, ಓಟು ಸಿಕ್ಕಿತು. ಜೊತೆಗೆ 1966ರವರೆಗೆ ಸೇನಾ ಆಡಳಿತವೂ ಸಿಕ್ಕಿತು. ಊರಿಂದ ಊರಿಗೆ ಹೋಗಬೇಕಾದರೆ ಪರ್ಮಿಟ್ ಬೇಕು. ಇನ್ನು ಅವನ ಜಮೀನು? 1950ರಲ್ಲಿ ಇಸ್ರೇಲ್ ಗೈರುಹಾಜರಾದವರ ಆಸ್ತಿಯ ಕಾನೂನು ತಂದಿತು. ಯುದ್ಧದ ಹೊತ್ತಿನಲ್ಲಿ ತನ್ನ ಊರು ಬಿಟ್ಟು ಶತ್ರುಪಡೆಯ ಹಿಡಿತದ ಜಾಗಕ್ಕೆ ಹೋಗಿದ್ದವನು ಗೈರುಹಾಜರಿ. ಅವನ ಹೊಲ, ಮನೆ ಸರ್ಕಾರದ ವಶ. ದೊಡ್ಡಣ್ಣ ದೇಶದೊಳಗೇ ಇದ್ದಾನೆ, ತೆರಿಗೆ ಕಟ್ಟುತ್ತಾನೆ, ಮತ ಹಾಕುತ್ತಾನೆ. ಜಮೀನಿನ ಲೆಕ್ಕದಲ್ಲಿ ಮಾತ್ರ ಅವನು ಇಲ್ಲ. ಇಂಥವರನ್ನು ಅಲ್ಲಿ 'ಹಾಜರಿರುವ ಗೈರುಹಾಜರಿಗಳು' ಅಂತಲೇ ಕರೆಯುತ್ತಾರೆ.

ಇದೇ ಸಾಲಿನಲ್ಲಿ ಇಕ್ರಿತ್ ಅನ್ನುವ ಊರಿನ ಕತೆ ಹೇಳಲೇಬೇಕು. ಲೆಬನಾನ್ ಗಡಿಯ ಹತ್ತಿರದ ಕ್ರೈಸ್ತರ ಹಳ್ಳಿ. 1948ರ ಕೊನೆಯಲ್ಲಿ ಸೇನೆ ಬಂದಾಗ ಊರಿನವರು ಜಗಳಕ್ಕೆ ನಿಲ್ಲಲಿಲ್ಲ, ಶರಣಾದರು. ಎರಡು ವಾರ ಬೇರೆ ಕಡೆ ಇರಿ, ಆಮೇಲೆ ಬನ್ನಿ ಅಂದರು. ಎರಡು ವಾರ ಹೋಗಿ ಎರಡು ವರ್ಷ ಆಯಿತು. ಊರಿನವರು ಇಸ್ರೇಲಿನ ಸುಪ್ರೀಂ ಕೋರ್ಟಿಗೇ ಹೋದರು. 1951ರ ಜುಲೈಯಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಗೆದ್ದರು ಅಂದುಕೊಂಡಿರಾ? ಅದೇ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಸೇನೆ ಊರಿನ ಮನೆಗಳನ್ನೆಲ್ಲ ಸ್ಫೋಟಿಸಿ ಉರುಳಿಸಿತು. ಉಳಿದದ್ದು ಚರ್ಚು ಮತ್ತು ಸ್ಮಶಾನ. 1970ರ ದಶಕದಿಂದ ಒಂದು ರಿಯಾಯಿತಿ ಸಿಕ್ಕಿದೆ. ಊರಿನವರು ಸತ್ತರೆ ಅಲ್ಲೇ ಹೂಳಬಹುದು. ಬದುಕಿರುವವರು ಅಲ್ಲಿ ಒಂದು ಕೋಣೆ ಕಟ್ಟುವಂತಿಲ್ಲ. 2012ರಲ್ಲಿ ಮೊಮ್ಮಕ್ಕಳ ತಲೆಮಾರಿನ ಹುಡುಗರು ಚರ್ಚಿನಲ್ಲೇ ಚಾಪೆ ಹಾಸಿ ಉಳಿಯಲು ಶುರು ಮಾಡಿದರು. ಇವರು ಯಾರೂ ದೇಶ ಬಿಟ್ಟವರಲ್ಲ ಅನ್ನುವುದನ್ನು ಗಮನಿಸಿ. ಪರದೇಶಕ್ಕೆ ಹೋಗದೆಯೂ ಪರದೇಶಿ ಆಗಬಹುದು.

ಎರಡನೆಯವನು ಲೆಬನಾನ್ ಸೇರಿದ. ಸಿಡಾನ್ ಪಟ್ಟಣದ ಪಕ್ಕದ ಐನ್ ಅಲ್-ಹಿಲ್ವೆ, ಅಲ್ಲಿನ ಅತಿ ದೊಡ್ಡ ಶಿಬಿರ. ಇಲ್ಲಿ ಸ್ವಲ್ಪ ನಿಲ್ಲೋಣ.

1949ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಈ ನಿರಾಶ್ರಿತರಿಗಾಗಿಯೇ ಒಂದು ಸಂಸ್ಥೆ ಮಾಡಿತು. ಯುಎನ್‌ಆರ್‌ಡಬ್ಲ್ಯುಎ ಅಂತ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು. ಶಿಬಿರದ ಜನ ಸುಮ್ನೆ 'ವಕಾಲಾ' ಅನ್ನುತ್ತಾರೆ, ಏಜೆನ್ಸಿ ಅಂದಹಾಗೆ. 1950ರ ಮೇ ತಿಂಗಳಲ್ಲಿ ಕೆಲಸ ಶುರುವಾಯಿತು. ಮೊದಲು ಟೆಂಟು, ಹಿಟ್ಟು, ಸಕ್ಕರೆ, ಎಣ್ಣೆ. ಮನೆಮನೆಗೂ ಒಂದು ರೇಷನ್ ಕಾರ್ಡು. ಅದರಲ್ಲಿ ತಲೆ ಎಣಿಸಿ ಬರೆದಿರುತ್ತಿತ್ತು. ತಲೆ ಲೆಕ್ಕಕ್ಕೆ ಹಿಟ್ಟು. ಹಾಗಾಗಿ ಮನೆಯಲ್ಲಿ ಯಾರಾದರೂ ಸತ್ತರೆ ಅದನ್ನು ವರದಿ ಮಾಡುತ್ತಿರಲಿಲ್ಲ. ರಾತ್ರೋರಾತ್ರಿ ಹೂತು ಬರುತ್ತಿದ್ದರು. ಅಧಿಕಾರಿಗಳು ಎಣಿಸಲು ಬಂದರೆ ಪಕ್ಕದ ಟೆಂಟಿನ ಮಗು ಈ ಟೆಂಟಿಗೆ ಬರುತ್ತಿತ್ತು. ಸಂಸ್ಥೆಯ ಹಳೇ ವರದಿಗಳಲ್ಲೇ ಈ ಗೋಳಾಟ ಇದೆ. ಮೋಸ ಅಂತ ಅವರು ಬರೆದರು. ನನಗೆ ಹಾಗೆ ಕಾಣುವುದಿಲ್ಲ. ಹೊಲ ಇದ್ದವನಿಗೆ ಹೊಲ ಹೋಗಿದೆ. ಅಜ್ಜನ ಹೆಸರಿನ ಹಿಟ್ಟನ್ನೂ ಬಿಟ್ಟುಕೊಡು ಅಂದರೆ ಯಾರು ಬಿಡುತ್ತಾರೆ? ಖಾಲಿಯಾದ ಹಿಟ್ಟಿನ ಚೀಲವನ್ನೂ ಬಿಡುತ್ತಿರಲಿಲ್ಲ. ಬಿಚ್ಚಿ, ಒಗೆದು, ಮಕ್ಕಳಿಗೆ ಬಟ್ಟೆ ಹೊಲಿಯುತ್ತಿದ್ದರು.

ಆ ಕಾರ್ಡೇ ಆಮೇಲೆ ಅವರ ಗುರುತಾಯಿತು. 1946ರ ಜೂನ್ 1ರಿಂದ 1948ರ ಮೇ 15ರವರೆಗೆ ಪ್ಯಾಲೆಸ್ಟೀನಿನಲ್ಲಿ ವಾಸವಿದ್ದು, ಯುದ್ಧದಿಂದ ಮನೆ ಮತ್ತು ದುಡಿಮೆ ಎರಡನ್ನೂ ಕಳೆದುಕೊಂಡವರು ನಿರಾಶ್ರಿತರು ಅಂತ ಸಂಸ್ಥೆಯ ನಿಯಮ. ಅದು ಗಂಡಸಿನ ಕಡೆಯಿಂದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯುತ್ತದೆ. ಸುಮಾರು ಏಳೂವರೆ ಲಕ್ಷದಿಂದ ಶುರುವಾದ ಪಟ್ಟಿಯಲ್ಲಿ ಈಗ ಸುಮಾರು 59 ಲಕ್ಷ ಹೆಸರುಗಳಿವೆ. ಶಿಬಿರಗಳು 58. ಬೇರೆ ನಿರಾಶ್ರಿತರನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಇನ್ನೊಂದು ಸಂಸ್ಥೆಗೆ ಅವರನ್ನು ಎಲ್ಲಾದರೂ ನೆಲೆಗೊಳಿಸುವ ಜವಾಬ್ದಾರಿಯೂ ಇದೆ. ವಕಾಲಾಗೆ ಅದಿಲ್ಲ. ಅದು ಶಾಲೆ ನಡೆಸಬಹುದು, ಆಸ್ಪತ್ರೆ ನಡೆಸಬಹುದು, ಹಿಟ್ಟು ಕೊಡಬಹುದು. ಕತೆ ಮುಗಿಸುವ ಅಧಿಕಾರ ಅದಕ್ಕಿಲ್ಲ.

ಶಿಬಿರ ಬೆಳೆದ ರೀತಿ ನೋಡಿ. ಊರಿನವರು ಊರಿನವರ ಪಕ್ಕದಲ್ಲೇ ಟೆಂಟು ಹಾಕಿದರು. ಸಫ್ಫೂರಿಯಾದವರು ಒಂದು ಕಡೆ, ಸಫ್ಸಾಫಿನವರು ಒಂದು ಕಡೆ, ಲೂಬಿಯಾದವರು ಇನ್ನೊಂದು ಕಡೆ. ಐನ್ ಅಲ್-ಹಿಲ್ವೆಯ ಕೇರಿಗಳಿಗೆ ಇವತ್ತಿಗೂ ಆ ಊರುಗಳದ್ದೇ ಹೆಸರು. ನಕಾಶೆಯಲ್ಲಿ ಅಳಿಸಿಹೋದ ಹಳ್ಳಿ ಲೆಬನಾನಿನ ಒಂದು ಗಲ್ಲಿಯಾಗಿ ಉಳಿದಿದೆ. ಹುಡುಗನ ಊರು ಯಾವುದು ಅಂದರೆ ಅವನು ನೋಡಿಯೇ ಇಲ್ಲದ ಊರಿನ ಹೆಸರು ಹೇಳುತ್ತಾನೆ. ಆ ಊರಿನ ಯಾವ ಮನೆತನ ಅನ್ನುವುದನ್ನೂ ಹೇಳುತ್ತಾನೆ. ಹೆಣ್ಣು ನೋಡುವಾಗಲೂ ಅದನ್ನು ಕೇಳುತ್ತಾರೆ. ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಆದರೆ ಈ ನೆನಪಿನ ಸುತ್ತ ಇರುವ ಕಾನೂನು ನೋಡಿ. 1969ರವರೆಗೆ ಲೆಬನಾನ್ ಶಿಬಿರಗಳಲ್ಲಿ ಕಾಂಕ್ರೀಟ್ ಛಾವಣಿ ಹಾಕಲು ಬಿಡುತ್ತಿರಲಿಲ್ಲ. ತಗಡಿನ ಶೀಟು ಮಾತ್ರ. ಛಾವಣಿ ಗಟ್ಟಿಯಾದರೆ ಜನ ಗಟ್ಟಿಯಾಗಿ ಕೂತುಬಿಡುತ್ತಾರೆ ಅನ್ನುವ ಭಯ. ಪ್ಯಾಲೆಸ್ಟೀನಿಯರು ಅಲ್ಲಿ ಡಾಕ್ಟರು, ವಕೀಲರು, ಎಂಜಿನಿಯರ್ ಆಗಿ ವೃತ್ತಿ ಮಾಡುವಂತಿಲ್ಲ. ಓದಬಹುದು, ಬೋರ್ಡು ಹಾಕುವಂತಿಲ್ಲ. 2001ರ ಕಾನೂನಿನ ಪ್ರಕಾರ ಮನೆ, ಜಮೀನು ಕೊಳ್ಳುವಂತಿಲ್ಲ. ಶಿಬಿರದ ವಿಸ್ತೀರ್ಣ ಬೆಳೆಯುವಂತಿಲ್ಲ, ಜನ ಮಾತ್ರ ಬೆಳೆಯುತ್ತಾರೆ. ಹಾಗಾಗಿ ಮನೆ ಮೇಲೆ ಮನೆ ಎದ್ದಿದೆ. ಬೇರೂತಿನ ಬುರ್ಜ್ ಅಲ್-ಬರಾಜ್ನೆ ಶಿಬಿರದ ಗಲ್ಲಿಗಳಲ್ಲಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕು. ತಲೆ ಮೇಲೆ ಕರೆಂಟ್ ತಂತಿ ಮತ್ತು ನೀರಿನ ಪೈಪು ಒಂದಕ್ಕೊಂದು ಸುತ್ತಿಕೊಂಡು ಜೋತಾಡುತ್ತವೆ. ಮಳೆ ಬಂದರೆ ಶಾಕ್ ಹೊಡೆಯುತ್ತದೆ, ಸತ್ತವರೂ ಇದ್ದಾರೆ. ನಲ್ಲಿಯಲ್ಲಿ ಬರುವುದು ಉಪ್ಪು ನೀರು. ಕುಡಿಯುವ ನೀರನ್ನು ದುಡ್ಡು ಕೊಟ್ಟು ತರಬೇಕು. ಪಕ್ಕದ ಶತಿಲಾದಲ್ಲೂ ಹೀಗೆಯೇ. 1982ರ ಸೆಪ್ಟೆಂಬರಿನ ಹತ್ಯಾಕಾಂಡದಿಂದ ನಿಮಗೆ ಆ ಹೆಸರು ಗೊತ್ತಿರಬಹುದು. ಇಸ್ರೇಲಿ ಸೇನೆ ಸುತ್ತುವರಿದು ನಿಂತಿತ್ತು. ಲೆಬನಾನಿನ ಬಲಪಂಥೀಯ ಪಡೆಯವರು ಒಳಗೆ ನುಗ್ಗಿ ಕೊಂದರು.

ಹೀಗಿರುವಾಗ ಯಾರು ಉಳಿಯುತ್ತಾರೆ? ಲೆಬನಾನಿನಲ್ಲಿ ವಕಾಲಾದ ಪಟ್ಟಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. 2017ರಲ್ಲಿ ಸರ್ಕಾರ ಶಿಬಿರಗಳಲ್ಲೂ ಅವುಗಳ ಸುತ್ತಲಿನ ವಸತಿಗಳಲ್ಲೂ ತಲೆ ಎಣಿಸಿದಾಗ ಸಿಕ್ಕವರು 1,74,422. ಉಳಿದವರಲ್ಲಿ ಬಹಳ ಜನ ಹೊರಟುಹೋಗಿದ್ದಾರೆ. ಡೆನ್ಮಾರ್ಕ್, ಸ್ವೀಡನ್, ಜರ್ಮನಿ. ಬರ್ಲಿನ್‌ನ ನೋಯ್‌ಕೋಲ್ನ್ ಪ್ರದೇಶದಲ್ಲಿ ಒಂದು ಬೀದಿಯ ತುಂಬ ಅರಬಿ ಬೋರ್ಡುಗಳು ಕಾಣುತ್ತವೆ. ಆದರೆ ಅಲ್ಲೂ ಕಾಗದ ಬಿಡುವುದಿಲ್ಲ. ರಾಷ್ಟ್ರೀಯತೆ ಅನ್ನುವ ಜಾಗದಲ್ಲಿ ಜರ್ಮನ್ ಕಚೇರಿಯವರು ಎಷ್ಟೋ ಜನರಿಗೆ 'ಸ್ಪಷ್ಟವಿಲ್ಲ' ಅಂತ ಬರೆದರು.

ಮೂರನೆಯವನು ಸಿರಿಯಾಕ್ಕೆ ಹೋದ. ಅಲ್ಲಿ ಪೌರತ್ವ ಇಲ್ಲದಿದ್ದರೂ 1956ರ ಒಂದು ಕಾನೂನು ಓದು, ಕೆಲಸ, ವ್ಯಾಪಾರಕ್ಕೆ ಸಿರಿಯನ್ನರಷ್ಟೇ ಹಕ್ಕು ಕೊಟ್ಟಿತು. ದಮಾಸ್ಕಸ್‌ನ ಯರ್ಮೂಕ್ ಹೆಸರಿಗಷ್ಟೇ ಶಿಬಿರ. ನೋಡಿದರೆ ದೊಡ್ಡ ಪೇಟೆ. ಡಾಕ್ಟರು, ಗುಮಾಸ್ತರು, ಚಿನ್ನದ ಅಂಗಡಿ, ಸಂಜೆ ರಸ್ತೆ ತುಂಬ ಜನ. 2011ಕ್ಕೆ ಮುಂಚೆ ಸುಮಾರು 1,60,000 ಪ್ಯಾಲೆಸ್ಟೀನಿಯರು ಅಲ್ಲಿದ್ದರು. ನಾಲ್ವರಲ್ಲಿ ಇವನ ಪಾಡೇ ವಾಸಿ ಅಂತ ಉಳಿದವರು ಅಂದುಕೊಂಡಿರಬೇಕು. ಆಮೇಲೆ ಸಿರಿಯಾದ ಯುದ್ಧ ಬಂತು. 2013ರಿಂದ ಯರ್ಮೂಕ್‌ಗೆ ಸರ್ಕಾರಿ ಪಡೆಗಳ ಮುತ್ತಿಗೆ. ಹಸಿವಿನಿಂದ ಜನ ಸತ್ತರು. 2014ರ ಜನವರಿ ಕೊನೆಯಲ್ಲಿ ತೆಗೆದ ಒಂದು ಫೋಟೋ ಇದೆ. ಎರಡೂ ಕಡೆ ಮುರಿದ ಕಟ್ಟಡ, ನಡುವೆ ಕಣ್ಣು ಹಾಯಿಸಿದಷ್ಟೂ ತಲೆಗಳು, ಆಹಾರದ ಪೊಟ್ಟಣಕ್ಕೆ ಕಾಯುತ್ತಿರುವ ಜನ. ಅಲ್ಲಿಂದ ಓಡಿದವರಿಗೆ ಜೋರ್ಡಾನಿನ ಗಡಿ ಮುಚ್ಚಿತ್ತು. ಸಿರಿಯನ್ನರಾದರೆ ಬನ್ನಿ, ಸಿರಿಯಾದ ಪ್ಯಾಲೆಸ್ಟೀನಿಯರಾದರೆ ಬೇಡ. ಒಂದೇ ಬಾಂಬಿಗೆ ಮನೆ ಕಳೆದುಕೊಂಡ ಅಕ್ಕಪಕ್ಕದವರನ್ನು ಗಡಿಯಲ್ಲಿ ಕಾಗದ ನೋಡಿ ಬೇರೆ ಮಾಡಿದರು.

ಕಿರಿಯವನು ಜೋರ್ಡಾನ್ ಸೇರಿ ಪಾಸ್‌ಪೋರ್ಟ್ ಪಡೆದ, ಕುವೈತ್‌ಗೆ ಹೋದ, 1991ರಲ್ಲಿ ವಾಪಸ್ ಬಂದ. ಅವನ ಕತೆ ಆಗಲೇ ಹೇಳಿದೆ. ಅರಬ್ ದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪೌರತ್ವ ಕೊಟ್ಟದ್ದು ಜೋರ್ಡಾನ್ ಮಾತ್ರ. ಆದರೆ ಅದಕ್ಕೂ ಬಿರುಕುಗಳಿವೆ. 1967ರ ಯುದ್ಧದ ನಂತರ ಗಾಜಾದಿಂದ ಬಂದವರಿಗೆ ಅದು ಸಿಗಲಿಲ್ಲ. ಜೆರಾಶ್ ಹತ್ತಿರ 'ಗಾಜಾ ಶಿಬಿರ' ಅಂತಲೇ ಕರೆಯುವ ಒಂದು ಶಿಬಿರ ಇದೆ, ಅಲ್ಲಿಯವರಿಗೆ ತಾತ್ಕಾಲಿಕ ಪಾಸ್‌ಪೋರ್ಟು. 1988ರ ಜುಲೈ 31ರಂದು ಜೋರ್ಡಾನಿನ ರಾಜ ಹುಸೇನ್ ವೆಸ್ಟ್ ಬ್ಯಾಂಕ್ (ಜೋರ್ಡಾನ್ ನದಿಯ ಪಶ್ಚಿಮ ದಡ, 1967ರವರೆಗೆ ಜೋರ್ಡಾನಿನ ಕೈಯಲ್ಲಿದ್ದ ಪ್ರದೇಶ) ಜೊತೆಗಿನ ಕಾನೂನು ನಂಟು ಕಡಿದರು. ವೆಸ್ಟ್ ಬ್ಯಾಂಕಿನವರು ಹಿಂದಿನ ರಾತ್ರಿ ಜೋರ್ಡಾನಿಗರಾಗಿ ಮಲಗಿ ಮರುದಿನ ಯಾವ ದೇಶದವರೂ ಅಲ್ಲದವರಾಗಿ ಎದ್ದರು.

ಪೂರ್ವ ಜೆರುಸಲೇಮಿನ ಪ್ಯಾಲೆಸ್ಟೀನಿಯರದ್ದು ಇನ್ನೊಂದು ಬಗೆ. ಇಸ್ರೇಲಿನ ಲೆಕ್ಕದಲ್ಲಿ, ಹುಟ್ಟಿದ ಊರಲ್ಲೇ ಅವರು 'ಕಾಯಂ ವಾಸಿಗಳು', ಪೌರರಲ್ಲ. ಓದೋಕೆ, ದುಡಿಯೋಕೆ ಕೆಲವು ವರ್ಷ ಹೊರಗಿದ್ದರೆ ಆ ಚೀಟಿ ರದ್ದಾಗಬಹುದು. 1967ರಿಂದ ಈಚೆಗೆ 14,000ಕ್ಕೂ ಹೆಚ್ಚು ಜನರದ್ದು ರದ್ದಾಗಿದೆ. ಹಾಗಾಗಿ ಅಲ್ಲಿಯವರು ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಮಕ್ಕಳ ಶಾಲೆಯ ರಸೀದಿ ಎಲ್ಲ ಜೋಪಾನ ಮಾಡುತ್ತಾರೆ. ತಾನು ತನ್ನ ಮನೆಯಲ್ಲೇ ಇದ್ದೇನೆ ಅಂತ ಸಾಬೀತು ಮಾಡಬೇಕಲ್ಲ.

ಎಲ್ಲ ವಲಸೆಯೂ 1948ರದ್ದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅರಬ್ ಜಗತ್ತಿನ ಹೊರಗೆ ಪ್ಯಾಲೆಸ್ಟೀನಿ ಮೂಲದವರು ಅತಿ ಹೆಚ್ಚು ಇರುವುದು ಚಿಲಿಯಲ್ಲಿ. ಹೆಚ್ಚಿನವರು ಬೆತ್ಲೆಹೆಮ್, ಬೈತ್ ಜಾಲಾ, ಬೈತ್ ಸಾಹೂರ್ ಕಡೆಯ ಕ್ರೈಸ್ತರು. 19ನೇ ಶತಮಾನದ ಕೊನೆಯಿಂದಲೇ ಹೋಗತೊಡಗಿದವರು. ತುರ್ಕಿ ಸಾಮ್ರಾಜ್ಯದ ಕಾಗದ ಹಿಡಿದು ಇಳಿದದ್ದಕ್ಕೆ ಅಲ್ಲಿಯವರು ಇವರನ್ನು 'ತುರ್ಕಿಗಳು' ಅಂದುಬಿಟ್ಟರು. ಬಟ್ಟೆ ಹೊತ್ತು ಮಾರಿದರು, ಆಮೇಲೆ ಅಂಗಡಿ, ಆಮೇಲೆ ಗಿರಣಿ. 1920ರಲ್ಲಿ ಸಾಂಟಿಯಾಗೋದಲ್ಲಿ ಪ್ಯಾಲೆಸ್ಟೀನೋ ಅನ್ನುವ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಈಗಲೂ ಮೊದಲ ದರ್ಜೆಯಲ್ಲಿ ಆಡುತ್ತದೆ. 2014ರಲ್ಲಿ ಜೆರ್ಸಿಯ ಮೇಲಿನ 1 ಅನ್ನುವ ಅಂಕಿಯನ್ನು 1948ಕ್ಕೆ ಹಿಂದಿನ ಪ್ಯಾಲೆಸ್ಟೀನ್ ನಕಾಶೆಯ ಆಕಾರದಲ್ಲಿ ಬರೆದು ದಂಡ ಕಟ್ಟಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಂತೂ 2004ರ ಅಧ್ಯಕ್ಷ ಚುನಾವಣೆಯಲ್ಲಿ ಎಡ, ಬಲ ಎರಡೂ ಕಡೆಯ ಪ್ರಮುಖ ಅಭ್ಯರ್ಥಿಗಳು ಬೆತ್ಲೆಹೆಮ್ ಮೂಲದ ಮನೆತನದವರೇ. ಈಗಿನ ಅಧ್ಯಕ್ಷ ನಯೀಬ್ ಬುಕೇಲೆ ಕೂಡ ಪ್ಯಾಲೆಸ್ಟೀನಿ ಮೂಲದವರು. ಪೌರತ್ವ ಸಿಕ್ಕಿದ ಕಡೆ ಈ ಜನ ಎಲ್ಲಿವರೆಗೆ ಹೋದರು ನೋಡಿ. ಲೆಬನಾನಿನಲ್ಲಿ ಇದೇ ಜನ ಔಷಧಿ ಚೀಟಿ ಬರೆಯುವಂತಿಲ್ಲ.

ಕಾಗದಕ್ಕೆ ಸಿಗದ ಒಂದು ಸಂಗತಿಯನ್ನೂ ಹೇಳಬೇಕು. ಹೆಂಗಸರ ಕಸೂತಿ, ಅದನ್ನು ತತ್ರೀಜ್ ಅನ್ನುತ್ತಾರೆ. ಮೊದಲು ಒಂದೊಂದು ಪ್ರದೇಶಕ್ಕೆ ಒಂದೊಂದು ನಮೂನೆ. ರಮಲ್ಲಾ ಕಡೆ ಬಿಳಿ ಬಟ್ಟೆಯ ಮೇಲೆ ಕೆಂಪು ದಾರ. ಗಾಜಾ ಕಡೆಯವರದ್ದು ಮಜ್ದಲ್ ಊರಿನ ಮಗ್ಗದ ನೀಲಿ ಬಟ್ಟೆ. ತೋಳು, ಎದೆಯ ಮೇಲಿನ ಹೊಲಿಗೆ ನೋಡಿಯೇ ಯಾವ ಕಡೆಯವಳು ಅಂತ ಹೇಳುತ್ತಿದ್ದರು. ಮಜ್ದಲ್‌ನಲ್ಲಿ ಉಳಿದಿದ್ದವರನ್ನು ಯುದ್ಧ ಮುಗಿದ ಮೇಲೆ, 1950ರಲ್ಲಿ, ಗಾಜಾಕ್ಕೆ ಸಾಗಿಸಲಾಯಿತು. ಊರು ಈಗ ಇಸ್ರೇಲಿನ ಅಷ್ಕೆಲೋನ್. ನೇಕಾರರು ಮಗ್ಗದ ಕಸುಬನ್ನು ಗಾಜಾದ ಶಿಬಿರಗಳಿಗೆ ಕೊಂಡೊಯ್ದರು. ಶಿಬಿರಗಳಲ್ಲಿ ಬೇರೆ ಬೇರೆ ಊರಿನ ಹೆಂಗಸರು ಅಕ್ಕಪಕ್ಕ ಕೂತರು. ನಮೂನೆಗಳು ಬೆರೆತವು. ಅವಳ ಸೈಪ್ರೆಸ್ ಮರ ಇವಳ ಅಂಗಿಗೆ ಬಂತು. 1987ರಲ್ಲಿ ಇಸ್ರೇಲಿ ಆಡಳಿತದ ವಿರುದ್ಧ ಇಂತಿಫಾದಾ, ಅಂದರೆ ಜನರ ದಂಗೆ, ಶುರುವಾದಾಗ ಬಾವುಟ ಹಾರಿಸುವುದು ಅಪರಾಧ. ಹೆಂಗಸರು ಬಾವುಟವನ್ನೇ ಅಂಗಿಯ ಮೇಲೆ ಹೊಲಿದುಕೊಂಡು ಬೀದಿಗೆ ಬಂದರು. ಊರಿನ ಗುರುತು ದೇಶದ ಗುರುತಾದದ್ದು ಎಷ್ಟೋ ಮಟ್ಟಿಗೆ ಹೀಗೆ, ಊರು ಕಳೆದುಹೋದ ಮೇಲೆ. 2021ರಲ್ಲಿ ಯುನೆಸ್ಕೋ ಈ ಕಸೂತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಾಜಾದ ಸುದ್ದಿ ನಿಮಗೆ ಗೊತ್ತು, ಜಾಸ್ತಿ ಹೇಳುವುದಿಲ್ಲ. ಒಂದೇ ಮಾತು ಗಮನಕ್ಕೆ ತರುತ್ತೇನೆ. ಅಲ್ಲಿಯ ಹತ್ತು ಜನರಲ್ಲಿ ಸುಮಾರು ಏಳು ಜನ ಮೊದಲೇ ನಿರಾಶ್ರಿತರು. ಯಾಫಾದಿಂದ, ಮಜ್ದಲ್‌ನಿಂದ, ಸುತ್ತಲಿನ ಹಳ್ಳಿಗಳಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. 2023ರ ಅಕ್ಟೋಬರ್ 13ರಂದು ಉತ್ತರ ಗಾಜಾದ 11 ಲಕ್ಷ ಜನರಿಗೆ ದಕ್ಷಿಣಕ್ಕೆ ಹೋಗಿ ಅಂತ ಇಸ್ರೇಲಿ ಸೇನೆ ಹೇಳಿದಾಗ, ಜಬಾಲಿಯಾ ಶಿಬಿರದ ಮುದುಕಿಯರಿಗೆ ಅದು ಕೇಳಿದ ಮಾತೇ. 2024ರ ಅಕ್ಟೋಬರಿನಲ್ಲಿ ಇಸ್ರೇಲಿನ ಸಂಸತ್ತು ವಕಾಲಾದ ಕೆಲಸಕ್ಕೇ ತಡೆ ಹಾಕುವ ಕಾನೂನು ಮಾಡಿತು. ಸಂಸ್ಥೆಯ ಮೇಲೆ ಇಸ್ರೇಲ್ ಮಾಡಿದ ಆರೋಪಗಳು ಒಂದು ಕಡೆ ಇರಲಿ. ಸಂಸ್ಥೆ ಹೋದರೆ ಪಟ್ಟಿ ಹೋಗುತ್ತದೆ, ಪಟ್ಟಿ ಹೋದರೆ ನಿರಾಶ್ರಿತರೇ ಇಲ್ಲ ಅನ್ನಬಹುದು ಎಂಬ ಆಸೆ ಇದರ ಹಿಂದೆ ಇಲ್ಲವೇ ಇಲ್ಲ ಅಂತ ನಂಬುವುದು ನನಗೆ ಕಷ್ಟ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದ್ದೆ. ಆಮೇಲೆ ಬಂದ ಪ್ರಶ್ನೆಗಳು ಇವು.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಸರ್, ಅಷ್ಟೊಂದು ಅರಬ್ ದೇಶಗಳಿವೆ. ಭಾಷೆ ಒಂದೇ. ಅವರೇ ಯಾಕೆ ಸೇರಿಸಿಕೊಳ್ಳಲಿಲ್ಲ?"

ನ್ಯಾಯವಾದ ಪ್ರಶ್ನೆ. 1965ರಲ್ಲಿ ಕಾಸಾಬ್ಲಾಂಕಾದಲ್ಲಿ ಅರಬ್ ಲೀಗ್ ಒಂದು ಒಪ್ಪಂದ ಮಾಡಿಕೊಂಡಿತು. ಕೆಲಸ, ವಾಸಕ್ಕೆ ಪ್ಯಾಲೆಸ್ಟೀನಿಯರನ್ನು ನಮ್ಮವರಂತೆ ನೋಡೋಣ, ಆದರೆ ಅವರ ಪ್ಯಾಲೆಸ್ಟೀನಿ ರಾಷ್ಟ್ರೀಯತೆ ಹಾಗೇ ಉಳಿಯಲಿ ಅಂತ. ನಮ್ಮ ಪೌರತ್ವ ಕೊಟ್ಟರೆ ವಾಪಸ್ ಹೋಗುವ ಹಕ್ಕು ಕಳೆದುಹೋಗುತ್ತದೆ ಅನ್ನುವ ವಾದ. 1948ರ ಡಿಸೆಂಬರಿನ ವಿಶ್ವಸಂಸ್ಥೆಯ 194ನೇ ಗೊತ್ತುವಳಿ ಆ ಹಕ್ಕನ್ನು ಹೇಳಿದೆ. ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಒಪ್ಪಂದದ ಎರಡನೇ ಅರ್ಧವನ್ನು ಜೋರ್ಡಾನ್ ಬಿಟ್ಟು ಹೆಚ್ಚಿನವರೆಲ್ಲ ಪಾಲಿಸಿದರು, ಮೊದಲನೇ ಅರ್ಧವನ್ನು ಬೇಕಾದಾಗ ಮರೆತರು. ಲೆಬನಾನಿನಲ್ಲಿ ಇನ್ನೊಂದು ಕಾರಣ ಇದೆ. ಅಲ್ಲಿ ಅಧಿಕಾರ ಹಂಚಿಕೆ ಧರ್ಮ, ಪಂಥದ ಲೆಕ್ಕದಲ್ಲಿ ನಡೆಯುತ್ತದೆ. ಪ್ಯಾಲೆಸ್ಟೀನಿಯರಲ್ಲಿ ಹೆಚ್ಚಿನವರು ಸುನ್ನಿಗಳು. ಸೇರಿಸಿಕೊಂಡರೆ ಲೆಕ್ಕ ತಲೆಕೆಳಗು. ಅದಕ್ಕೇ ಸಂವಿಧಾನದ ಪೀಠಿಕೆಯಲ್ಲೇ ಇವರನ್ನು ಇಲ್ಲಿ ನೆಲೆಗೊಳಿಸುವುದಿಲ್ಲ ಅಂತ ಬರೆದುಕೊಂಡಿದ್ದಾರೆ. ಪ್ಯಾಲೆಸ್ಟೀನಿ ಸಶಸ್ತ್ರ ಗುಂಪುಗಳೂ ಆತಿಥೇಯರ ಜೊತೆ ಕಾದಾಡಿದವು, 1970ರಲ್ಲಿ ಜೋರ್ಡಾನಿನಲ್ಲಿ, ಆಮೇಲೆ ಲೆಬನಾನಿನಲ್ಲಿ. ಅದನ್ನೂ ಮುಚ್ಚಿಡುವಂತಿಲ್ಲ.

ಎರಡನೇ ಪ್ರಶ್ನೆ ಒಬ್ಬ ನಿವೃತ್ತ ಟೀಚರಿಂದ ಬಂತು. "ಮೂರನೇ, ನಾಲ್ಕನೇ ತಲೆಮಾರಿನವರಿಗೆ ನಿಜವಾಗಿ ವಾಪಸ್ ಹೋಗುವ ಮನಸ್ಸಿದೆಯಾ? ಅಥವಾ ಬಾಯಿಮಾತಾ?"

ಇದನ್ನು ಒಬ್ಬರು ಕೇಳಿ ನೋಡಿದ್ದಾರೆ. ಖಲೀಲ್ ಶಿಕಾಕಿ ಅಂತ, ರಮಲ್ಲಾದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವವರು. ಅವರು ಹುಟ್ಟಿದ್ದೇ ಗಾಜಾದ ರಫಾ ಶಿಬಿರದಲ್ಲಿ. ಹಿರಿಯರ ಊರು ರಾಮ್ಲೆ ಹತ್ತಿರದ ಜರ್ನೂಕಾ, ಅದೂ 1948ರಲ್ಲಿ ಖಾಲಿಯಾದದ್ದು. ಅವರ ಅಣ್ಣ ಫತ್ಹಿ ಇಸ್ಲಾಮಿಕ್ ಜಿಹಾದ್ ಸಂಘಟನೆ ಕಟ್ಟಿದವನು, 1995ರಲ್ಲಿ ಮಾಲ್ಟಾದಲ್ಲಿ ಕೊಲೆಯಾದ. ತಮ್ಮನಾದ ಖಲೀಲ್ ಪ್ರಶ್ನಾವಳಿ ಹಿಡಿದರು. 2003ರಲ್ಲಿ ಅವರ ತಂಡ ವೆಸ್ಟ್ ಬ್ಯಾಂಕ್, ಗಾಜಾ, ಜೋರ್ಡಾನ್, ಲೆಬನಾನಿನ ನಿರಾಶ್ರಿತರನ್ನು ಕೇಳಿತು. ವಾಪಸ್ ಹೋಗುವ ಹಕ್ಕನ್ನು ಇಸ್ರೇಲ್ ಒಪ್ಪಬೇಕು ಅಂದವರು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು. ಶಾಂತಿ ಒಪ್ಪಂದ ಆಗಿ ಆಯ್ಕೆ ಕೊಟ್ಟರೆ ಇಸ್ರೇಲಿನೊಳಗೇ ಹೋಗಿ ನೆಲೆಸುತ್ತೇವೆ ಅಂದವರು ನೂರಕ್ಕೆ ಹತ್ತು.

ಟೀಚರು ತಲೆಯಾಡಿಸಿ, "ಹೋಗೋದಿಲ್ಲ ಅಂದ ಮೇಲೆ ಹಕ್ಕು ಯಾಕಂತೆ?" ಅಂದರು. ಅವರ ಮಗ ಕೆನಡಾದಲ್ಲಿದ್ದಾನೆ ಅಂತ ಆಮೇಲೆ ಚಹಾ ಕುಡಿಯುವಾಗ ಗೊತ್ತಾಯಿತು. ನಾನು ವೇದಿಕೆಯಲ್ಲಿ ಹೇಳಿದ್ದು ಇಷ್ಟೇ: ಹೊರಗೆ ನೆಲೆಸಿದ ನಮ್ಮ ಮಕ್ಕಳನ್ನು ಕಾಯಂ ಆಗಿ ಊರಿಗೆ ಬರುತ್ತೀರಾ ಅಂತ ಕೇಳಿ, ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಅಪ್ಪ ತೀರಿಕೊಂಡರೂ ಬರುವಂತಿಲ್ಲ, ಮನೆ ನಿನ್ನದಲ್ಲ, ಇಂಥ ಊರೇ ಇರಲಿಲ್ಲ ಅಂತ ಅವರಿಗೆ ಹೇಳಿ ನೋಡಿ.

ಆ ಸಮೀಕ್ಷೆಯ ಫಲಿತಾಂಶ ಪ್ರಕಟಿಸುವ ದಿನ ಸಿಟ್ಟಿಗೆದ್ದ ಗುಂಪೊಂದು ಶಿಕಾಕಿಯವರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿತು. ನುಗ್ಗಿದವರೂ ಪ್ಯಾಲೆಸ್ಟೀನಿಯರೇ. ಹಕ್ಕನ್ನು ಮಾರಿಬಿಟ್ಟ ಅನ್ನುವ ಸಿಟ್ಟು. ಶಿಕಾಕಿ ಅಂಕಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡೂ ಕಡೆಯವರು ಇವತ್ತಿಗೂ ಆ ಸಮೀಕ್ಷೆಯನ್ನು ಎತ್ತಿ ಹೇಳುತ್ತಾರೆ. ಒಬ್ಬರು ಹತ್ತು ಅನ್ನುತ್ತಾರೆ, ಇನ್ನೊಬ್ಬರು ತೊಂಬತ್ತೈದು ಅನ್ನುತ್ತಾರೆ.